ಗುಡಿ ಕಟ್ಟೆಯ ಕಲ್ಲಲ್ಲೊಂದು ಸ್ತರಭಂಗ

ತಂಗಿ, ಭೂಕಂಪದ ಪಾಠಕ್ಕೆ ಕೂತಿದ್ದೀಯಂತೆ. ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುವ ಮೊದಲು ಒಂದು ಚೊಂಬು ನೀರು ಹಿಡಿದು ಹನುಮಂತನ ಗುಡಿಗೆ ಹೋಗಿ ಬಾ. ಕಟ್ಟೆಯ ಮೂಡಣ ಮೂಲೆಯ ಚಪ್ಪಡಿಯ ಮೇಲೆ ಆ ನೀರು ಸುರಿದು ಅಂಗೈಯಿಂದ ಚೆನ್ನಾಗಿ ಉಜ್ಜು. ಒಣಗಿದ್ದಾಗ ಕಾಣದ್ದು ಕಲ್ಲು ಒದ್ದೆಯಾದಾಗ ಕಾಣುತ್ತದೆ. ಕರಿ, ಬೂದು ಪಟ್ಟೆಗಳನ್ನು ದಾಟಿಕೊಂಡು ಬೆರಳಗಲದ ಬಿಳಿ ಗೆರೆಯೊಂದು ಅಡ್ಡ ಹಾದಿದೆ. ಅದು ಬೆಣಚುಕಲ್ಲಿನ ಎಳೆ. ಅದರ ಮೇಲೆ ಬೆರಳಿಟ್ಟು ಸಾಗು. ನೆಟ್ಟಗೆ ಹೋಗುತ್ತಿದ್ದ ಗೆರೆ ಒಂದು ಕಡೆ ಥಟ್ಟನೆ ತುಂಡಾಗುತ್ತದೆ. ಎರಡು ಬೆರಳಷ್ಟು ಪಕ್ಕದಲ್ಲಿ ಅದೇ ದಪ್ಪದಲ್ಲಿ, ಅದೇ ದಿಕ್ಕಿನಲ್ಲಿ ಮತ್ತೆ ಶುರುವಾಗುತ್ತದೆ. ತುಂಡಾದ ಜಾಗದಲ್ಲಿ ಉಗುರಿಗೂ ಸಿಗದಷ್ಟು ಸಣ್ಣ ಸೀಳು.

ನಿನ್ನ ಪುಸ್ತಕ ಸ್ತರಭಂಗ ಎಂದು ಕರೆಯುವುದು ಇದನ್ನೇ. ಕಲ್ಲು ಬರೀ ಸೀಳಿದ್ದರೆ ಸಾಲದು, ಸೀಳಿನ ಆಚೆ ಈಚೆಯ ಕಲ್ಲು ಒಂದಕ್ಕೊಂದು ಸರಿದಿರಬೇಕು. ಸರಿದಿದೆ ಎಂಬುದಕ್ಕೆ ಇಲ್ಲಿ ಬಿಳಿ ಗೆರೆಯೇ ಸಾಕ್ಷಿ. ಕಟ್ಟೆಯಲ್ಲಿ ಇದು ಎರಡು ಬೆರಳು ಸರಿದಿದೆ, ಬೆಟ್ಟದಲ್ಲಿ ಹತ್ತಾರು ಅಡಿ ಸರಿದಿರಬಹುದು, ಖಂಡಗಳ ಅಂಚಿನಲ್ಲಿ ನೂರಾರು ಕಿಲೋಮೀಟರ್. ಕೆಲಸ ಮಾತ್ರ ಒಂದೇ.

ನಮ್ಮ ಯಾದಗಿರಿ ಸೀಮೆಯ ಈ ಪಟ್ಟೆಗಲ್ಲಿಗೆ ಭೂವಿಜ್ಞಾನಿಗಳು ನೈಸ್ ಎನ್ನುತ್ತಾರೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಇದೇ ಜಾತಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಇಂಥ ಕಲ್ಲಿನ ಎದುರು ನಿಂತು 'ನಮ್ಮ ಅಜ್ಜನ ಕಾಲದಿಂದ ಇಲ್ಲಿ ನೆಲ ನಡುಗಿಲ್ಲ, ಇನ್ನು ನಡುಗುವುದೂ ಇಲ್ಲ' ಎನ್ನುವುದು ದೊಡ್ಡ ಮಾತಾಗುತ್ತದೆ. ಅಜ್ಜ, ಮುತ್ತಜ್ಜ ಎಂದು ನಾಲ್ಕು ತಲೆ ಹಿಂದೆ ಹೋದರೂ ನಮಗೆ ಸಿಗುವುದು ನೂರು, ನೂರೈವತ್ತು ವರ್ಷ. ಒಂದು ಸ್ತರಭಂಗ ಒಮ್ಮೆ ಜಾರಿದ ಮೇಲೆ ಸಾವಿರಾರು ವರ್ಷ ಸುಮ್ಮನಿದ್ದು ಮತ್ತೆ ಜಾರಬಹುದು. ಭೂಕಂಪದ ಬಗ್ಗೆ ನೀನು ಏನೇ ಓದು, ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಓದು ಎಂಬುದೇ ನನ್ನ ಕಿವಿಮಾತು. ಇದು ತಲೆಗೆ ಹತ್ತದ ಕಾರಣಕ್ಕೆ ನಮ್ಮ ಪಕ್ಕದಲ್ಲೇ ಸಾವಿರಾರು ಜನ ಸತ್ತರು.

ಕಿಲ್ಲಾರಿ ನಮ್ಮ ಆಳಂದ, ಬಸವಕಲ್ಯಾಣದ ಗಡಿಯಾಚೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಊರು. ಅವರದೂ ನಮ್ಮಂತೆ ಜೋಳ, ತೊಗರಿಯ ಹೊಲ, ಕಲ್ಲಿನ ಗೋಡೆಯ ಮಾಳಿಗೆ ಮನೆ. 1993ರ ಸೆಪ್ಟೆಂಬರ್ 29ರಂದು ಗಣಪತಿಯನ್ನು ನೀರಿಗೆ ಬಿಟ್ಟು, ರಾತ್ರಿ ಬಹಳ ಹೊತ್ತಿಗೆ ಜನ ಮಲಗಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಕೆಲವೇ ನಿಮಿಷ ಇದ್ದಾಗ ನೆಲ ನಡುಗಿತು. ತೀವ್ರತೆ 6.2. ಸತ್ತವರು ಸುಮಾರು 10,000 ಮಂದಿ. ಗಡಿ ಈಚೆಯ ನಾವೂ ಹಾಸಿಗೆಯಿಂದ ಎದ್ದು ಬೀದಿಗೆ ಓಡಿದ್ದೆವು. ಆಗಿನ ಸರ್ಕಾರಿ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಎಲ್ಲಕ್ಕಿಂತ ಕಡಿಮೆ ಅಪಾಯದ 1ನೇ ವಲಯದಲ್ಲಿ. ಆಮೇಲೆ, 2002ರಲ್ಲಿ, ಆ 1ನೇ ವಲಯವನ್ನೇ ನಕ್ಷೆಯಿಂದ ತೆಗೆದುಹಾಕಿದರು. ಭಾರತದಲ್ಲಿ ಭೂಕಂಪ ಬರುವುದೇ ಇಲ್ಲ ಎನ್ನಬಹುದಾದ ಜಾಗ ಒಂದೂ ಇಲ್ಲ ಎಂದು ಒಪ್ಪಿಕೊಂಡಂತಾಯಿತು.

ಕಿಲ್ಲಾರಿಯ ಸ್ತರಭಂಗವನ್ನು ಮೊದಲೇ ಯಾಕೆ ಕಂಡಿರಲಿಲ್ಲ ಎಂದು ನೀನು ಕೇಳಬಹುದು. ಕೇಳಲೇಬೇಕು. ಅಲ್ಲಿ ನೆಲದ ಮೇಲೆ ಎರೆಮಣ್ಣು, ಅದರ ಕೆಳಗೆ ನೂರಾರು ಮೀಟರ್ ದಪ್ಪದ ಕಪ್ಪುಶಿಲೆ. ಆರೂವರೆ ಕೋಟಿ ವರ್ಷದ ಹಿಂದೆ ಉಕ್ಕಿ ಹರಿದ ಲಾವಾ ಗಟ್ಟಿಯಾಗಿ ಆದದ್ದು ಅದು. ಅದಕ್ಕೂ ಕೆಳಗಿದೆ ನಮ್ಮ ಗುಡಿ ಕಟ್ಟೆಯಂಥ ಹಳೆಯ ಕಲ್ಲು, ಜಾರುವ ಜಾಗವೂ ಕೆಳಗೇ ಅಡಗಿತ್ತು. ಭೂಕಂಪವಾದ ಮೇಲೆ ಹೊಲಗಳ ನಡುವೆ ಒಂದು ಮೀಟರಿಗೂ ಕಡಿಮೆ ಎತ್ತರದ ಏರಿಯಷ್ಟೇ ಮೇಲೆದ್ದು ಕಂಡಿತು. ಒಂದೆರಡು ಸಲ ನೇಗಿಲು ಹೊಡೆದರೆ ಅಳಿಸಿಹೋಗುವ ಗುರುತು. ಹಿಂದೆ ಎಂದಾದರೂ ಅಲ್ಲಿ ಹೀಗೇ ಆಗಿದ್ದರೂ ಗುರುತು ಉಳಿಯುವುದು ಕಷ್ಟವೇ.

ಇನ್ನು, ನೆಲ ಸುಮ್ಮಸುಮ್ಮನೆ ಯಾಕೆ ಜಾರುತ್ತದೆ? ಪುಸ್ತಕದಲ್ಲಿ 'ಭೂಫಲಕಗಳು ಡಿಕ್ಕಿ ಹೊಡೆಯುವುದರಿಂದ' ಎಂದು ಒಂದು ಸಾಲು ಇರುತ್ತದೆ. ಅದನ್ನು ಓದಿದರೆ ಎರಡು ಲಾರಿ ಗುದ್ದಿಕೊಂಡ ಚಿತ್ರ ಮನಸ್ಸಿಗೆ ಬರುತ್ತದೆ, ಆ ಚಿತ್ರ ಬಿಟ್ಟುಬಿಡು. ನಡೆಯುವುದು ಬಹಳ ನಿಧಾನದ ಕೆಲಸ. ಅದನ್ನು ಮೊದಲು ಸರಿಯಾಗಿ ಹಿಡಿದವನು ಹ್ಯಾರಿ ರೀಡ್ ಎಂಬ ಅಮೆರಿಕದ ವಿಜ್ಞಾನಿ. ಹಿಡಿಯಲು ಅವನಿಗೆ ನೆರವಾದದ್ದು ಭೂಮಾಪನದವರ ಹಳೆಯ ಅಳತೆಗಳು.

1906ರ ಏಪ್ರಿಲ್ 18ರ ಬೆಳಗ್ಗೆ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಆಂಡ್ರಿಯಾಸ್ ಸ್ತರಭಂಗ ಸುಮಾರು 470 ಕಿ.ಮೀ. ಉದ್ದಕ್ಕೂ ಜಾರಿತು. ಸ್ಯಾನ್ ಫ್ರಾನ್ಸಿಸ್ಕೊ ಊರು ಬಿದ್ದು, ಉಳಿದದ್ದು ಬೆಂಕಿಗೆ ಹೋಯಿತು. ಊರಿನ ಉತ್ತರಕ್ಕೆ ಮರಿನ್ ಎಂಬ ಸೀಮೆಯ ಹುಲ್ಲುಗಾವಲಿನಲ್ಲಿ ಸ್ತರಭಂಗಕ್ಕೆ ಅಡ್ಡಲಾಗಿ ಒಂದು ಮರದ ಬೇಲಿ ಇತ್ತು. ಭೂವಿಜ್ಞಾನಿ ಗಿಲ್ಬರ್ಟ್ ಅದರ ಫೋಟೋ ತೆಗೆದಿದ್ದಾನೆ. ಹುಡುಕಿದರೆ ನಿನಗೂ ಸಿಗುತ್ತದೆ, ತಪ್ಪದೆ ನೋಡು. ಬೇಲಿ ನೆಟ್ಟಗೆ ಬಂದು, ತುಂಡಾಗಿ, ಎಂಟೂವರೆ ಅಡಿ ಪಕ್ಕಕ್ಕೆ ಸರಿದು ಮತ್ತೆ ಮುಂದುವರಿದಿದೆ. ಗುಡಿ ಕಟ್ಟೆಯ ಬಿಳಿ ಗೆರೆ ಕಂಡವರಿಗೆ ಆ ಫೋಟೋ ತಾನಾಗಿ ಅರ್ಥವಾಗುತ್ತದೆ.

ರೀಡ್ ಮಾಡಿದ್ದಿಷ್ಟು. ಭೂಕಂಪಕ್ಕೆ ಹತ್ತಾರು ವರ್ಷ ಮೊದಲು ಆ ಸೀಮೆಯ ಗುಡ್ಡಗಳ ತುದಿಗಳನ್ನು ಅಳೆದಿಟ್ಟ ಲೆಕ್ಕವನ್ನೂ ಭೂಕಂಪದ ಬಳಿಕ ಅಳೆದ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟ. ಸ್ತರಭಂಗದಿಂದ ಬಲು ದೂರದ ಗುಡ್ಡಗಳು ಭೂಕಂಪಕ್ಕೆ ಮೊದಲೇ ಸರಿಯುತ್ತಾ ಬಂದಿದ್ದವು. ಹತ್ತಿರದ ನೆಲ ಮಾತ್ರ ಸರಿಯಲಾರದೆ ಸಿಕ್ಕಿಕೊಂಡು, ಒಳಗೊಳಗೇ ಬಾಗುತ್ತಾ ಇತ್ತು. ಕಲ್ಲು ಬಾಗುತ್ತದೆ, ತಂಗಿ. ಕಣ್ಣಿಗೆ ಕಾಣದಷ್ಟು, ಆದರೆ ಅಳೆಯಲು ಆಗುವಷ್ಟು ಬಾಗುತ್ತದೆ. ಸ್ತರಭಂಗದ ಎರಡು ಮೈಗಳ ನಡುವಿನ ತಿಕ್ಕಾಟದ ಬಲ ಅದನ್ನು ಹಿಡಿದಿಟ್ಟಿರುತ್ತದೆ. ಬಾಗಿಸುವ ಬಲ ಆ ಹಿಡಿತವನ್ನು ಮೀರಿದ ಗಳಿಗೆ ಕಲ್ಲು ಜಾರಿ ತನ್ನ ನೇರಕ್ಕೆ ಮರಳುತ್ತದೆ. ನೂರಾರು ವರ್ಷ ಕೂಡಿಟ್ಟ ಬಲ ಒಂದೆರಡು ನಿಮಿಷದೊಳಗೆ ಹೊರಬೀಳುತ್ತದೆ. 1910ರಲ್ಲಿ ಅವನು ಬರೆದ ಈ ವಿವರಣೆಯ ಮೇಲೆ ಇವತ್ತಿಗೂ ಭೂಕಂಪದ ವಿಜ್ಞಾನ ನಿಂತಿದೆ.

ನಮ್ಮ ನಾಡಿಗೆ ಇದನ್ನೇ ಹಚ್ಚಿ ನೋಡು. ಭಾರತ ಇರುವ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯದ ಕಡೆಗೆ ಸರಿಯುತ್ತಿದೆ. ಎದುರಿಗೆ ಏಷ್ಯಾ ಅಡ್ಡ ನಿಂತಿದೆ. ಅದರ ಒತ್ತಡಕ್ಕೆ ಹಿಮಾಲಯ ಏಳುತ್ತಿದೆ, ದೊಡ್ಡ ಭೂಕಂಪಗಳೂ ಅಲ್ಲೇ ಹೆಚ್ಚು. ಆ ಒತ್ತಡ ಹಿಮಾಲಯದಲ್ಲೇ ಮುಗಿಯುವುದಿಲ್ಲ. ಇಡೀ ಫಲಕ ಅದರ ಅಡಿ ಹಿಂಡಿಸಿಕೊಳ್ಳುತ್ತಿರುತ್ತದೆ, ದಖ್ಖನ್ನಿನ ಒಳಗಿನ ಹಳೆಯ ಸೀಳುಗಳೂ ಸೇರಿ. ಕಿಲ್ಲಾರಿಯಲ್ಲಿ ಜಾರಿದ್ದು ಹಾಗೆ ಹಿಂಡಿಸಿಕೊಂಡ ಒಂದು ಸೀಳು.

ಜಾರುವ ಬಗೆ ಮೂರು. ಪರೀಕ್ಷೆಗೆ ಇವನ್ನು ಕೇಳಿಯೇ ಕೇಳುತ್ತಾರೆ. ಹೆಸರಿಗಿಂತ ಮೊದಲು ಬಲ ಯಾವ ಕಡೆಯಿಂದ ಬಂತು ಎಂದು ನೋಡು. ಸೀಳು ನೆಲಕ್ಕೆ ಓರೆಯಾಗಿದೆ ಎಂದಿಟ್ಟುಕೋ. ಎರಡು ಕಡೆಯಿಂದ ಎಳೆದರೆ, ಓರೆಯ ಮೇಲೆ ಕೂತ ಭಾಗ ಕೆಳಕ್ಕೆ ಜಾರುತ್ತದೆ. ಪೂರ್ವ ಆಫ್ರಿಕಾದ ಬಿರುಕು ಕಣಿವೆ ಆದದ್ದು ಹೀಗೆ. ಎರಡು ಕಡೆಯಿಂದ ಹಿಂಡಿದರೆ ಅದೇ ಭಾಗ ಮೇಲಕ್ಕೆ ಏರುತ್ತದೆ. ಹಿಮಾಲಯ, ಕಿಲ್ಲಾರಿ, ಕಛ್ ಎಲ್ಲ ಈ ಬಗೆಯವು. ಹಿಂಡದೆ, ಎಳೆಯದೆ, ಪಕ್ಕಕ್ಕೆ ಉಜ್ಜಿದರೆ ಬೇಲಿ ತುಂಡಾದಂತೆ ಅಡ್ಡಕ್ಕೆ ಸರಿಯುತ್ತದೆ. ಬಲದ ದಿಕ್ಕು ಗೊತ್ತಿದ್ದರೆ ನಿನ್ನ ಪುಸ್ತಕದಲ್ಲಿರುವ ಹೆಸರುಗಳು ಎಂದೂ ಮರೆಯುವುದಿಲ್ಲ.

ಕಛ್ ಎಂದೆನಲ್ಲ, ಅಲ್ಲಿಯ ಒಂದು ಸಂಗತಿ ನಿನಗೆ ಹೇಳಲೇಬೇಕು. 1819ರ ಜೂನ್ 16ರಂದು ಕಛ್‌ನ ರಣದಲ್ಲಿ ದೊಡ್ಡ ಭೂಕಂಪವಾಯಿತು. ಸಮತಟ್ಟಾದ ಉಪ್ಪುನೆಲದಲ್ಲಿ 80 ಕಿ.ಮೀ.ಗೂ ಉದ್ದದ ದಿಬ್ಬವೊಂದು ಮೇಲೆದ್ದಿತು. ಅದರ ದಕ್ಷಿಣದ ನೆಲ ಕುಸಿದು ಸಿಂಧ್ರಿ ಎಂಬ ಕೋಟೆ ನೀರಲ್ಲಿ ಮುಳುಗಿತು. ಸಿಂಧೂ ನದಿಯ ಒಂದು ಕವಲಿಗೆ ಆ ದಿಬ್ಬವೇ ಒಡ್ಡಾಯಿತು. ಮನುಷ್ಯರು ಕಟ್ಟದ ಆ ಒಡ್ಡನ್ನು ಅಲ್ಲಿಯ ಜನ ಅಲ್ಲಾ ಬಂಡ್ ಎಂದು ಕರೆದರು. ನಕ್ಷೆಯಲ್ಲಿ ಇವತ್ತಿಗೂ ಅದೇ ಹೆಸರು. ಅದೇ ಕಛ್‌ನಲ್ಲಿ 2001ರ ಜನವರಿ 26ರ ಬೆಳಗ್ಗೆ, ಗಣರಾಜ್ಯೋತ್ಸವಕ್ಕೆ ಮಕ್ಕಳು ಮೆರವಣಿಗೆ ಹೊರಟ ಹೊತ್ತಿಗೆ, 7.7 ತೀವ್ರತೆಯ ಭೂಕಂಪವಾಯಿತು. ಈ ಸಲ ದಿಬ್ಬ ಏಳಲಿಲ್ಲ. ಜಾರಿದ ಸ್ತರಭಂಗ ನೆಲದ ಮೇಲಕ್ಕೆ ಬಾಯಿ ಬಿಡಲೇ ಇಲ್ಲ, ಒಳಗೇ ಉಳಿಯಿತು. ಒಂದೇ ಸೀಮೆ, ಇನ್ನೂರು ವರ್ಷದೊಳಗೆ ಎರಡು ದೊಡ್ಡ ಭೂಕಂಪ, ಒಂದು ಕಣ್ಣಿಗೆ ಕಾಣುವಂತೆ, ಇನ್ನೊಂದು ಕಾಣದಂತೆ. ನೆಲ ಸೀಳಿಲ್ಲ ಅಂದಮಾತ್ರಕ್ಕೆ ಕೆಳಗೆ ಏನೂ ಇಲ್ಲ ಎನ್ನುವ ಹಾಗಿಲ್ಲ.

ಕಲ್ಲು ಮೊದಲು ಜಾರಲು ಶುರುವಾದ ಜಾಗಕ್ಕೆ ನಾಭಿ ಎನ್ನುತ್ತಾರೆ. ಅದರ ನೆತ್ತಿಯ ಮೇಲೆ ನೆಲದಲ್ಲಿ ಬರುವ ಜಾಗವನ್ನೇ ಪತ್ರಿಕೆಯವರು ಕೇಂದ್ರಬಿಂದು ಎಂದು ಬರೆಯುವುದು. ನಾಭಿ ಎಷ್ಟು ಆಳದಲ್ಲಿದೆ ಎಂಬುದನ್ನು ಸುದ್ದಿಯಲ್ಲಿ ಯಾವಾಗಲೂ ಹುಡುಕು. ಹತ್ತು ಕಿ.ಮೀ. ಒಳಗೆ ಆದ 6 ತೀವ್ರತೆಯ ಭೂಕಂಪ ಊರನ್ನು ಕೆಡವಬಹುದು, ಇನ್ನೂರು ಕಿ.ಮೀ. ಆಳದ 6 ಬಹುಪಾಲು ದೀಪ ತೂಗಾಡಿಸಿ ಹೋಗಬಹುದು. ಕಿಲ್ಲಾರಿಯ ನಾಭಿ ಬಹಳ ಮೇಲೆಯೇ ಇತ್ತು.

ನಾಭಿಯಿಂದ ಹೊರಟ ಅಲೆಗಳಲ್ಲಿ ಪ್ರಾಥಮಿಕ ಅಲೆ ಮುಂದೆ, ದ್ವಿತೀಯ ಅಲೆ ಹಿಂದೆ. ಮೊದಲನೆಯದು ಕಲ್ಲನ್ನು ತಾನು ಹೋಗುವ ದಿಕ್ಕಿನಲ್ಲೇ ಒತ್ತುತ್ತಾ ಬಿಡುತ್ತಾ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ. ಎರಡನೆಯದು ಕಲ್ಲನ್ನು ಅಡ್ಡಡ್ಡ ಅಲುಗಿಸುತ್ತಾ ಮೂರೂವರೆ ಕಿ.ಮೀ. ಓಡುತ್ತದೆ. ಗೋಡೆ ಕೆಡವುವುದು ಹೆಚ್ಚಾಗಿ ಈ ಎರಡನೆಯದು ಮತ್ತು ಅದರ ಹಿಂದೆ ಬರುವ ಮೇಲ್ಮೈ ಅಲೆಗಳು. ಈ ಎರಡು ಅಲೆಗಳನ್ನು ಯಂತ್ರದ ಗೆರೆಗಳಲ್ಲಿ ಬೇರೆ ಬೇರೆ ಗುರುತಿಸಿದವನು ನಮ್ಮ ದೇಶದಲ್ಲೇ ಕೆಲಸ ಮಾಡಿದ ಆರ್. ಡಿ. ಓಲ್ಡ್‌ಹ್ಯಾಮ್. 1897ರ ಅಸ್ಸಾಂ ಭೂಕಂಪವನ್ನು ಕೂಲಂಕಷವಾಗಿ ಪರಿಶೀಲಿಸಿದ್ದರಿಂದ ಅವನಿಗೆ ಇದು ಹೊಳೆಯಿತು. 1906ರಲ್ಲಿ ಅವನೇ, ಭೂಮಿಯ ಒಳಗೊಂದು ಗರ್ಭವಿದೆ ಎಂದು ಇದೇ ಅಲೆಗಳಿಂದ ತೋರಿಸಿಕೊಟ್ಟ.

ಈ ಎರಡು ಅಲೆಗಳ ನಡುವಿನ ಅಂತರದಿಂದ ನೀನೇ ಲೆಕ್ಕ ಹಾಕಬಹುದು. ಮೊದಲ ಅಲೆ ಬಂದು ಎಷ್ಟು ಸೆಕೆಂಡಿಗೆ ಎರಡನೆಯದು ಬಂತೋ ಅದನ್ನು ಎಂಟರಿಂದ ಗುಣಿಸು, ಭೂಕಂಪ ಎಷ್ಟು ಕಿ.ಮೀ. ದೂರದಲ್ಲಿ ಆಯಿತೆಂದು ಹೆಚ್ಚುಕಡಿಮೆ ಸಿಗುತ್ತದೆ. 25 ಸೆಕೆಂಡ್ ಅಂತರವಾದರೆ 200 ಕಿ.ಮೀ. ಯಾವ ದಿಕ್ಕಿನಲ್ಲಿ ಎಂದು ತಿಳಿಯಲು ಒಂದೇ ಊರಿನ ಯಂತ್ರ ಸಾಲದು. ಮೂರು ಊರುಗಳಿಂದ ಮೂರು ವೃತ್ತ ಎಳೆ. ಮೂರೂ ಕೂಡುವಲ್ಲಿ ಕೇಂದ್ರಬಿಂದು. ಕೈವಾರ, ಸ್ಕೇಲು, ಒಂದು ನಕ್ಷೆ ಇದ್ದರೆ ಭಾನುವಾರ ಮಧ್ಯಾಹ್ನದ ಕೆಲಸ ಇದು. ನಮ್ಮ ರಾಜ್ಯದಲ್ಲೇ ಗೌರಿಬಿದನೂರಿನ ಬಳಿ ಭಾಭಾ ಅಣು ಸಂಶೋಧನಾ ಕೇಂದ್ರದವರ ಭೂಕಂಪನ ನಿಲ್ದಾಣವಿದೆ. 1965ರಿಂದ ಅಲ್ಲಿ ಹೊಲಗಳ ನಡುವೆ ಹತ್ತಾರು ಕಡೆ ಯಂತ್ರ ಹೂತು ಭೂಮಿಯ ಅಲುಗಾಟ ಕೇಳುತ್ತಿದ್ದಾರೆ. ಬೇರೆ ದೇಶಗಳು ನೆಲದಡಿ ಅಣುಬಾಂಬು ಸಿಡಿಸಿದರೆ ತಿಳಿಯಲೆಂದು ಶುರುಮಾಡಿದ್ದು ಅದು. ಗಟ್ಟಿಯಾದ ಹಳೆಯ ಕಲ್ಲು, ಸದ್ದುಗದ್ದಲ ಕಡಿಮೆ ಎಂಬ ಕಾರಣಕ್ಕೆ ಅಂಥ ಜಾಗ ಬೇಕಾಗುತ್ತದೆ.

ಟಿವಿಯವರು 'ರಿಕ್ಟರ್ ಮಾಪಕದಲ್ಲಿ' ಎನ್ನುವ ಅಂಕಿ ಇದೆಯಲ್ಲ, ಅದರಲ್ಲೇ ದೊಡ್ಡವರೂ ಎಡವುತ್ತಾರೆ. ಹಲಗೆ ಬಾರಿಸುವವನ ಪೆಟ್ಟು ಒಂದೇ, ಎದುರಿಗೆ ನಿಂತವನಿಗೆ ಎದೆ ಅದುರುತ್ತದೆ, ಊರಾಚೆ ಇದ್ದವನಿಗೆ ಮೆಲ್ಲಗೆ ಕೇಳುತ್ತದೆ. ತೀವ್ರತೆ ಎಂಬ ಅಂಕಿ ಆ ಪೆಟ್ಟಿನದು. ಹಾಗಾಗಿ ಒಂದು ಭೂಕಂಪಕ್ಕೆ ಒಂದೇ ಅಂಕಿ. ನಿನ್ನೂರಲ್ಲಿ ಎಷ್ಟು ಅಲುಗಿತು, ಏನೇನು ಬಿತ್ತು ಎಂಬುದು ಬೇರೆ ಅಳತೆ, ಅದು ಊರೂರಿಗೆ ಬದಲಾಗುತ್ತದೆ. ಚಾರ್ಲ್ಸ್ ರಿಕ್ಟರ್ ತನ್ನ ಮಾಪಕ ಕೊಟ್ಟದ್ದು 1935ರಲ್ಲಿ. ಈಗ ದೊಡ್ಡ ಭೂಕಂಪಗಳಿಗೆ ಬಳಸುವುದು ಜಾರಿದ ಸ್ತರಭಂಗದ ಉದ್ದ, ಅಗಲ, ಜಾರಿದ ದೂರ ಎಲ್ಲ ಸೇರಿಸಿ ಲೆಕ್ಕ ಹಾಕುವ ಇನ್ನೊಂದು ಮಾಪಕ.

ಆ ಅಂಕಿಯಲ್ಲಿ ಒಂದು ಮೆಟ್ಟಿಲು ಮೇಲಾದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚು. ಎರಡು ಮೆಟ್ಟಿಲಿಗೆ 32ರಿಂದ 32 ಗುಣಿಸಿಕೋ, ಸಾವಿರ ಪಟ್ಟು. ಈ ಗುಣಾಕಾರ ಗೊತ್ತಿದ್ದರೆ ಒಂದು ತಪ್ಪು ಸಮಾಧಾನದಿಂದ ಪಾರಾಗಬಹುದು. 'ಸಣ್ಣಸಣ್ಣ ಕಂಪನ ಆಗಲಿ ಬಿಡಿ, ಒಳಗಿನ ಒತ್ತಡ ಖಾಲಿಯಾಗುತ್ತದೆ, ದೊಡ್ಡದು ಬರುವುದಿಲ್ಲ' ಎಂದು ಚಹಾದ ಅಂಗಡಿಯಲ್ಲಿ ಹೇಳುತ್ತಾರೆ. ಒಂದು 6ರ ಶಕ್ತಿ ಕಳೆಯಲು 4ರ ಕಂಪನ ಸಾವಿರ ಬೇಕು. ಅಷ್ಟು ಎಲ್ಲೂ ಬರುವುದಿಲ್ಲ.

ಹಾಗೆಂದು ಸಣ್ಣ ಕಂಪನ ಬಂದಾಗಲೆಲ್ಲ ದೊಡ್ಡದು ಬಾಗಿಲಲ್ಲಿದೆ ಎಂದು ಎದೆ ಒಡೆದುಕೊಳ್ಳುವುದೂ ಬೇಡ. 2021ರ ಅಕ್ಟೋಬರ್‌ನಲ್ಲಿ ನಮ್ಮ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ದಿನವೂ ನೆಲದಡಿಯಿಂದ ಸದ್ದು, ನಡುಕ. ಒಂದು ಕಂಪನ 4ನ್ನೂ ಮುಟ್ಟಿತು. ಜನ ಅಂಗಳದಲ್ಲಿ ಮಲಗಿದರು, ಎಷ್ಟೋ ಮನೆಯವರು ಬೀಗ ಹಾಕಿ ಊರು ಬಿಟ್ಟರು. ಮರುವರ್ಷ ಮಳೆಗಾಲದಲ್ಲಿ ಕೊಡಗಿನ ಚೆಂಬು, ಸಂಪಾಜೆ, ಸುಳ್ಯದ ಕಡೆಯೂ ಅದೇ ಕಥೆ. ದೊಡ್ಡದೇನೂ ಬರಲಿಲ್ಲ. ಜಗತ್ತಿನಲ್ಲಿ ಇಂಥ ಕಂಪನದ ಸರಣಿಗಳು ಬಹುಪಾಲು ತಾವಾಗಿ ನಿಂತುಹೋಗುತ್ತವೆ. ಕಿಲ್ಲಾರಿಯಲ್ಲೂ 1992ರಲ್ಲಿ ಹೀಗೇ ಸಣ್ಣ ಕಂಪನಗಳಾಗಿದ್ದವು, ಅಲ್ಲಿ ಮರುವರ್ಷ ದೊಡ್ಡದು ಬಂತು. ಎರಡೂ ನಿಜ. ಯಾವ ಸರಣಿ ನಿಲ್ಲುತ್ತದೆ, ಯಾವುದು ಬೆಳೆಯುತ್ತದೆ ಎಂದು ಮುಂಚಿತವಾಗಿ ಬೇರ್ಪಡಿಸುವ ವಿದ್ಯೆ ಇನ್ನೂ ಯಾರ ಕೈಯಲ್ಲೂ ಇಲ್ಲ.

ನೀರಿಗೂ ಇದಕ್ಕೂ ನಂಟಿದೆ. ಕರಾಡದಲ್ಲಿ ನಮ್ಮ ಕೃಷ್ಣೆಯನ್ನು ಸೇರುವ ಕೊಯ್ನಾ ನದಿಗೆ ಅಣೆಕಟ್ಟು ಕಟ್ಟಿ 1962ರ ಸುಮಾರಿಗೆ ನೀರು ತುಂಬಿಸತೊಡಗಿದರು. 1967ರ ಡಿಸೆಂಬರ್ 11ರ ನಸುಕಿನಲ್ಲಿ 6ಕ್ಕೂ ಮೀರಿದ ಭೂಕಂಪವಾಗಿ ಕೊಯ್ನಾನಗರ ನೆಲಕಚ್ಚಿತು. ಅಣೆಕಟ್ಟಿನಲ್ಲೂ ಬಿರುಕು ಕಂಡು ಆಮೇಲೆ ಅದನ್ನು ಬಲಪಡಿಸಿದರು. ನೀರಿನ ಭಾರ ಮೇಲಿಂದ ಒತ್ತುತ್ತದೆ, ನೀರು ಸೀಳುಗಳೊಳಗೆ ಇಳಿದು ತಿಕ್ಕಾಟದ ಹಿಡಿತವನ್ನು ಸಡಿಲಿಸುತ್ತದೆ. ಮೊದಲೇ ಬಲ ಕೂಡಿಕೊಂಡಿದ್ದ ಸ್ತರಭಂಗ ಜಾರಲು ಅಷ್ಟು ಸಾಕು. ಅಲ್ಲಿ ಇಂದಿಗೂ ಕಂಪನ ನಿಂತಿಲ್ಲ. ಅದನ್ನು ಅರಿಯಲು ವಿಜ್ಞಾನಿಗಳು ಅಲ್ಲೇ 3 ಕಿ.ಮೀ. ಆಳಕ್ಕೆ ಕೊರೆದು ನೋಡಿದ್ದಾರೆ. ಅಣೆಕಟ್ಟು ಕಟ್ಟಿದಲ್ಲೆಲ್ಲ ಭೂಕಂಪ ಬರುತ್ತದೆಯೇ ಎಂದು ಹೋದವಾರ ನೀನು ಕೇಳಿದ ಪ್ರಶ್ನೆಗೂ ಇಲ್ಲಿ ಉತ್ತರವಿದೆ. ಅಣೆಕಟ್ಟೆಲ್ಲ ಭೂಕಂಪ ತರುವುದಿಲ್ಲ. ಕೆಳಗೆ ಜಾರಲು ಸಿದ್ಧವಾದ ಸ್ತರಭಂಗ ಇದ್ದರೆ ಮಾತ್ರ ನೀರು ಅದಕ್ಕೆ ನೆಪವಾಗುತ್ತದೆ.

ದಿನಾಂಕ ಹೇಳುವವರನ್ನು ನಂಬಬೇಡ, ಯಾರೇ ಆಗಿರಲಿ. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್ ಎಂಬ ಹಳ್ಳಿಯಲ್ಲಿ 1857, 1881, 1901, 1922, 1934, 1966ರಲ್ಲಿ ಹೆಚ್ಚುಕಡಿಮೆ ಒಂದೇ ಗಾತ್ರದ ಭೂಕಂಪಗಳಾಗಿದ್ದವು. ಸರಾಸರಿ 22 ವರ್ಷಕ್ಕೊಂದು. ಮುಂದಿನದು 1993ರೊಳಗೆ ಬಂದೇ ಬರುತ್ತದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿ, ಊರ ಸುತ್ತ ಯಂತ್ರಗಳನ್ನು ನೆಟ್ಟು ಕಾದು ಕೂತರು. ಅದು ಬಂದದ್ದು 2004ರ ಸೆಪ್ಟೆಂಬರ್ 28ಕ್ಕೆ. ಅಷ್ಟು ಯಂತ್ರಗಳಿದ್ದೂ ಮುನ್ಸೂಚನೆ ಎನ್ನುವಂಥದ್ದು ಏನೂ ಸಿಗಲಿಲ್ಲ. ಇಷ್ಟು ಕ್ರಮವಾಗಿ ಬರುತ್ತಿದ್ದ, ಇಷ್ಟು ಕಣ್ಣಿಟ್ಟಿದ್ದ ಭೂಕಂಪವೇ ಹೀಗೆ ಮಾಡಿದ ಮೇಲೆ, ವಾಟ್ಸಾಪಿನಲ್ಲಿ 'ಇಂದು ರಾತ್ರಿ 2 ಗಂಟೆಗೆ ಭೂಕಂಪ' ಎಂದು ಬಂದರೆ ಏನು ಮಾಡಬೇಕೆಂದು ನಿನಗೇ ಗೊತ್ತು. ಮನೆಯ ದೊಡ್ಡವರಿಗೆ ಇದನ್ನು ನೀನೇ ತಿಳಿಸಿ ಹೇಳು. ಜಪಾನಿನಲ್ಲಿ ಮೊಬೈಲಿಗೆ ಕೆಲವು ಸೆಕೆಂಡ್ ಮೊದಲು ಎಚ್ಚರಿಕೆ ಬರುತ್ತದಲ್ಲ ಎಂದರೆ, ಅದು ಬರುವುದು ಭೂಕಂಪ ಶುರುವಾದ ಮೇಲೆಯೇ. ಮೊದಲ ಅಲೆಯನ್ನು ಯಂತ್ರ ಹಿಡಿದು, ಎರಡನೆಯ ಅಲೆ ಊರು ಮುಟ್ಟುವ ಮುನ್ನ ಕೂಗುತ್ತದೆ ಅಷ್ಟೆ.

ಭೂಕಂಪ ಯಾವಾಗ ಎಂಬುದು ನಮ್ಮ ಕೈಯಲ್ಲಿಲ್ಲ, ಮನೆಯನ್ನು ಹೇಗೆ ಕಟ್ಟುತ್ತೇವೆ ಎಂಬುದು ಇದೆ. ಕಿಲ್ಲಾರಿಯ ಮನೆಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ನಿನ್ನ ಅಜ್ಜಿ ಇವತ್ತಿಗೂ ಅಂಥದೇ ಮನೆಯಲ್ಲಿ ಮಲಗುತ್ತಾಳೆ. ಗೋಡೆ ಎರಡು ಅಡಿಗೂ ದಪ್ಪ. ನೋಡಲು ಕೋಟೆಯಂತೆ ಕಾಣುವ ಆ ಗೋಡೆ ಒಳಗೆ ಒಂದೇ ಮೈಯಲ್ಲ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಚೂರುಗಲ್ಲು, ಮಣ್ಣು. ಎರಡು ಸಾಲನ್ನೂ ಕಟ್ಟಿ ಹಿಡಿಯುವಂತೆ ಈ ಮೈಯಿಂದ ಆ ಮೈವರೆಗೆ ಮುಟ್ಟುವ ಉದ್ದಗಲ್ಲು ಹಾಕಿರಲಿಲ್ಲ. ಮೇಲೆ ಜಂತಿ, ಹಲಗೆ, ಅದರ ಮೇಲೆ ಮೇಲ್ಮುದ್ದಿಯ ಮಣ್ಣು. ಸೋರದಿರಲಿ ಎಂದು ಪ್ರತಿ ಬೇಸಗೆಗೆ ಇನ್ನಷ್ಟು ಮಣ್ಣು ಹಾಕಿ ಹಾಕಿ ಅದು ಎರಡು ಅಡಿಯವರೆಗೂ ಬೆಳೆದಿತ್ತು. ನೆಲ ಅಡ್ಡಡ್ಡ ಅಲುಗಿದಾಗ ಎರಡು ಸಾಲು ಕಲ್ಲು ಬೇರೆಬೇರೆಯಾಗಿ ಹೊಟ್ಟೆ ಬಿಟ್ಟುಕೊಂಡು ಬಿದ್ದವು, ಟನ್ನುಗಟ್ಟಲೆ ಮಣ್ಣು ಮಲಗಿದವರ ಮೇಲೆ ಬಂತು. ಅಲ್ಲೇ ಕೆಲವು ಹಳೆಯ ಮನೆಗಳಲ್ಲಿ ಮಾಳಿಗೆಯ ಭಾರವನ್ನು ಗೋಡೆ ಹೊರದೆ ಮರದ ಕಂಬ-ತೊಲೆಗಳು ಹೊತ್ತಿದ್ದವು. ಅಲ್ಲಿ ಗೋಡೆ ಬಿದ್ದರೂ ಮಾಳಿಗೆ ನಿಂತದ್ದುಂಟು.

ಮಣ್ಣಿನ ಮನೆ ಕೆಟ್ಟದ್ದು, ಕಾಂಕ್ರೀಟು ಒಳ್ಳೆಯದು ಎಂದು ಇದರಿಂದ ತೀರ್ಮಾನಿಸಬೇಡ. 2001ರಲ್ಲಿ ಕಛ್‌ನ ಭುಂಗಾ ಎಂಬ ದುಂಡನೆಯ ಮಣ್ಣಿನ ಮನೆಗಳು, ಹುಲ್ಲಿನ ಹಗುರ ಸೂರು ಹೊತ್ತವು, ಎಷ್ಟೋ ಕಡೆ ಚೆನ್ನಾಗಿ ತಡೆದವು. ಅಲ್ಲಿಂದ 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದವು. ಕಾರು ನಿಲ್ಲಿಸಲೆಂದು ಕೆಳಮಹಡಿಯಲ್ಲಿ ಗೋಡೆ ಇಲ್ಲದೆ ಬರೀ ಪಿಲ್ಲರ್ ಬಿಟ್ಟಿದ್ದ ಕಟ್ಟಡಗಳು ಅದರಲ್ಲಿ ಬಹಳ. ಅಲುಗಾಟದ ಪೆಟ್ಟೆಲ್ಲ ಆ ಬಡಪಾಯಿ ಪಿಲ್ಲರ್‌ಗಳ ತಲೆ, ಬುಡಕ್ಕೆ ಬಿದ್ದು ಅವು ಮುರಿದವು. ಇವತ್ತು ಕಲಬುರಗಿಯಲ್ಲಿ, ಯಾದಗಿರಿಯಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಬುಡ ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಿಮ್ಮ ಮನೆಯ ಮೇಲೆ ಇನ್ನೊಂದು ಅಂತಸ್ತು ಏಳುತ್ತಿದೆ. ಕಬ್ಬಿಣ ಕಟ್ಟುವ ದಿನ ಅಪ್ಪನ ಜೊತೆ ನೀನೂ ಮೇಲೆ ಹೋಗು. ಪಿಲ್ಲರಿನ ಉದ್ದ ಸರಳುಗಳ ಸುತ್ತ ಕಟ್ಟುವ ರಿಂಗಿನ ಎರಡು ತುದಿ ನೋಡು. ಅವು ಬರೀ ಮೂಲೆಗೆ ಮಡಚಿದ್ದರೆ, ಅಲುಗಾಟಕ್ಕೆ ಬಿಚ್ಚಿಕೊಳ್ಳುತ್ತವೆ. ಇನ್ನೂ ಒಳಕ್ಕೆ, 135 ಡಿಗ್ರಿಗೆ ಮಡಚಿ ಕಾಂಕ್ರೀಟಿನ ಹೊಟ್ಟೆಯೊಳಗೆ ಸಿಕ್ಕಿಸಿರಬೇಕು. ಪಿಲ್ಲರಿನ ತಲೆ ಮತ್ತು ಬುಡದ ಬಳಿ ರಿಂಗುಗಳು ಒತ್ತೊತ್ತಾಗಿ ಇರಬೇಕು. ನಿನ್ನ ಕೋನಮಾಪಕ ತೆಗೆದುಕೊಂಡು ಹೋಗಿ ಅಳೆದೇ ನೋಡು. ಗೌಂಡಿ ನಕ್ಕರೆ ನಗಲಿ, 'ಮಾಮಾ, ಇದನ್ನು ಇನ್ನೊಂದಿಷ್ಟು ಒಳಗೆ ಬಗ್ಗಿಸ್ರಿ' ಎಂದು ಕೇಳು. ಖರ್ಚು ಹೆಚ್ಚೇನೂ ಇಲ್ಲ. ಅಜ್ಜಿಯ ಮನೆಗೆ ಮಾಳಿಗೆಯ ಹಳೆಯ ಮಣ್ಣು ಇಳಿಸುವುದು ಮೊದಲ ಕೆಲಸ. ಆಮೇಲೆ ಬಾಗಿಲು, ಕಿಟಕಿಗಳ ಮೇಲೆ ನಾಲ್ಕೂ ಗೋಡೆ ಸುತ್ತಿ ಬರುವ ಕಾಂಕ್ರೀಟ್ ಬೆಲ್ಟ್ ಹಾಕಿಸಲು, ಉದ್ದಗಲ್ಲು ಸೇರಿಸಲು ಆಗುತ್ತದೆಯೇ ಎಂದು ತಿಳಿದ ಇಂಜಿನಿಯರರನ್ನು ಕೇಳಲು ಅಪ್ಪನಿಗೆ ಹೇಳು. ಅಜ್ಜಿಯ ತಲೆದಿಂಬಿನ ಮೇಲಿನ ಹಲಗೆಯಲ್ಲಿ ಹಿತ್ತಾಳೆ ಕೊಡಗಳಿವೆಯಲ್ಲ, ಅವನ್ನು ಇವತ್ತೇ ಇಳಿಸು.

ನೆಲ ಅಲುಗತೊಡಗಿದಾಗ ಮಾಡುವುದು ಬಹಳವಿಲ್ಲ, ಯೋಚಿಸಲು ಹೊತ್ತೂ ಇರುವುದಿಲ್ಲ. ಶಾಲೆಯಲ್ಲಿ ಇದ್ದರೆ ಕುಕ್ಕರಗಾಲಲ್ಲಿ ಕೂತು ಬೆಂಚಿನಡಿ ನುಗ್ಗಿ, ಒಂದು ಕೈಯಿಂದ ತಲೆ-ಕುತ್ತಿಗೆ ಮುಚ್ಚಿ, ಇನ್ನೊಂದರಿಂದ ಬೆಂಚಿನ ಕಾಲು ಹಿಡಿದುಕೋ. ಅಲುಗಾಟ ನಿಲ್ಲುವವರೆಗೆ ಬಿಡಬೇಡ. ಮೆಟ್ಟಿಲ ಕಡೆ ಓಡಬೇಡ, ನೂಕುನುಗ್ಗಲಿನಲ್ಲಿ ಆಗುವ ಪೆಟ್ಟೇ ಬಹಳ. ಅಜ್ಜಿಯ ಕಲ್ಲುಮಣ್ಣಿನ ಮನೆಯಲ್ಲಿ ಮಾತ್ರ ಲೆಕ್ಕ ಬೇರೆ. ಬಾಗಿಲ ಪಕ್ಕವೇ ಇದ್ದು, ಎದುರು ಬಯಲಿದ್ದರೆ ತಟ್ಟನೆ ಹೊರಗೆ ಹೋಗು, ಗೋಡೆಗಳಿಂದ, ಕರೆಂಟಿನ ಕಂಬದಿಂದ ದೂರ ನಿಲ್ಲು.

ನಿಂತಿತು ಎಂದ ಕೂಡಲೇ ಒಳಗೆ ಹೋಗುವ ಆತುರ ಬೇಡ. ದೊಡ್ಡ ಜಾರುವಿಕೆಯ ನಂತರ ಸುತ್ತಲಿನ ಕಲ್ಲು ಹೊಂದಿಕೊಳ್ಳುವವರೆಗೆ ಮರುಕಂಪನಗಳು ಬರುತ್ತಲೇ ಇರುತ್ತವೆ. ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ನೇಪಾಳದಲ್ಲಿ 2015ರ ಏಪ್ರಿಲ್ 25ರಂದು 7.8ರ ಭೂಕಂಪವಾದ ಹದಿನೇಳನೇ ದಿನ, ಮೇ 12ರಂದು, 7.3ರ ಇನ್ನೊಂದು ಬಂತು. ಮೊದಲ ಸಲ ಬಿರುಕು ಬಿಟ್ಟು ನಿಂತಿದ್ದ ಎಷ್ಟೋ ಕಟ್ಟಡ ಆಗ ಬಿದ್ದವು. ಅಲುಗಾಟ ನಿಂತಾಗ ನೀನು ಮನೆಯೊಳಗೇ ಇದ್ದರೆ, ಗ್ಯಾಸಿನ ರೆಗ್ಯುಲೇಟರ್ ಮುಚ್ಚಿ, ಕರೆಂಟಿನ ಮೇನ್ ಸ್ವಿಚ್ ತೆಗೆದು ಹೊರಗೆ ಬಾ. ಗೋಡೆಯಲ್ಲಿ ಬೆರಳು ತೂರುವಂಥ ಬಿರುಕು ಕಂಡರೆ, ಇಂಜಿನಿಯರ್ ಬಂದು ನೋಡಿ ಹೇಳುವವರೆಗೆ ಪುಸ್ತಕದ ಚೀಲ ತರಲಿಕ್ಕೂ ಒಳಗೆ ಕಾಲಿಡಬೇಡ.